ಮೂರು ಸ್ಲೈಡಿನ ಮಳೆ

ನಮ್ಮ ಕಾಲೇಜಿಗೆ ಪ್ರೊಜೆಕ್ಟರ್ ಬಂದ ದಿನ ಪ್ರಿನ್ಸಿಪಾಲರು ಅದಕ್ಕೆ ಚೆಂಡುಹೂವಿನ ಹಾರ ಹಾಕಿಸಿ, ತೆಂಗಿನಕಾಯಿ ಒಡೆಸಿ, ಎಲ್ಲರಿಗೂ ಪೇಢೆ ಹಂಚಿ, ತಮ್ಮ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಧೂಳು ಕೂಡಬಾರದೆಂದು ಅದಕ್ಕೆ ಅವರ ಮನೆಯಿಂದಲೇ ಒಂದು ಹಳೆಯ ಶಾಲು ಬಂದಿತ್ತು. ಕಪಾಟಿನ ಗಾಜಿನೊಳಗಿಂದ ನೋಡಿದರೆ ಯಾರೋ ಕುಳ್ಳ ಅಜ್ಜ ಥಂಡಿಗೆ ಮುದುಡಿ ಕೂತ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸದು ಅದು. ನಾನು ಪುಣೆಯ ಪೇಠೆಯೊಂದರ ಒಳಗಿನ ಹುಡುಗಿಯರ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಧಾರವಾಡದಲ್ಲಿ ಓದಿ, ಮದುವೆಯಾಗಿ ಪುಣೆಗೆ ಬಂದು, ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವಳು. ಪಾಠ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮರಾಠಿಯಲ್ಲಿ ನಡೆಯುತ್ತಿತ್ತು. ಸಿಟ್ಟು ಬಂದರೆ ಮಾತ್ರ ಶುದ್ಧ ಕನ್ನಡ. ಹುಡುಗಿಯರು ನನ್ನ ಮರಾಠಿಗೆ ನಗುತ್ತಿದ್ದರು, ಕನ್ನಡಕ್ಕೆ ಹೆದರುತ್ತಿದ್ದರು. ಏನು ಬೈದಿದ್ದೇನೆಂದು ತಿಳಿಯುತ್ತಿರಲಿಲ್ಲವಲ್ಲ, ಅದಕ್ಕೆ.

ಪ್ರೊಜೆಕ್ಟರಿಗೂ ಮೊದಲು ನಮ್ಮ ಹತ್ತಿರ ಇದ್ದದ್ದು ಒಂದು ಓವರ್‌ಹೆಡ್ ಯಂತ್ರ. ಗಾಜಿನಂಥ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ನಕಾಶೆ ಬರೆದು ಅದರ ಮೇಲಿಟ್ಟರೆ ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು. ನಾನಂತೂ ಹಾಳೆಯನ್ನು ಒಂದು ಸಲವೂ ಸರಿಯಾಗಿ ಇಟ್ಟವಳಲ್ಲ. ಒಮ್ಮೆ ಹಿಮಾಲಯ ದಕ್ಷಿಣಕ್ಕೆ ಹೋದರೆ, ಇನ್ನೊಮ್ಮೆ ಮುಂಬಯಿ ಬಂಗಾಳ ಕೊಲ್ಲಿಯ ದಂಡೆಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕೈ ಬೆವರಿ ಭೀಮಾ ನದಿ ಅರ್ಧಕ್ಕೇ ಅಳಿಸಿಹೋಗಿ, ಪಂಢರಪುರಕ್ಕೆ ನೀರೇ ಇಲ್ಲದಂತಾಗುತ್ತಿತ್ತು. ಫ್ಯಾನು ಹಾಕಿದರೆ ಹಾಳೆ ಹಾರಿ ಹೋಗುತ್ತದೆ, ಹಾಕದಿದ್ದರೆ ನದಿ ಅಳಿಸುತ್ತದೆ. ಕೊನೆಗೆ ಆ ಯಂತ್ರದ ಬಲ್ಬು ಸುಟ್ಟಾಗ ನನಗೆ ನಿಜಕ್ಕೂ ಹಗುರವಾಯಿತು.

ಹೊಸ ಪ್ರೊಜೆಕ್ಟರಿನ ಶಾಲು ಕಳಚಿದ್ದು ಪ್ರಿನ್ಸಿಪಾಲರು ಮುಂಬಯಿಯಲ್ಲಿ ಯಾವುದೋ ಶಿಬಿರ ಮುಗಿಸಿ ಬಂದ ಮೇಲೆ. ನಮ್ಮ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಗುಂಡಗೆ, ಬೆಳ್ಳಗೆ, ಸದಾ ಅವಸರದಲ್ಲಿ. ಯಾವುದನ್ನೇ ಹಿಡಿದರೂ ಎರಡೂ ಕೈಯಿಂದ ಹಿಡಿಯುವವರು. ಸ್ಟಾಫ್ ಸಭೆ ಕರೆದು, "ಇನ್ನು ಮುಂದೆ ಖಡು ಬಂದ್! ಎಲ್ಲರೂ ಸ್ಲೈಡು!" ಎಂದು ಮರಾಠಿಯಲ್ಲಿ ಘೋಷಿಸಿದರು. ಖಡು ಎಂದರೆ ಸೀಮೆಸುಣ್ಣ. ನಮ್ಮ ಹಿರಿಯ ಗಣಿತದ ಮೇಡಮ್ಮು ಅಲ್ಲೇ ತಮ್ಮ ಪರ್ಸು ತೆಗೆದು ಅದರೊಳಗಿನ ಸೀಮೆಸುಣ್ಣದ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡದ್ದು ನನಗೆ ಕಂಡಿತು.

ನಾನು ಮಾತ್ರ ಹುರುಪಿನಿಂದ ಹೊರಟೆ. ಮನೆಯಲ್ಲಿ ಊಟದ ಮೇಜಿನ ಮೂಲೆಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ನನ್ನ ಮೊದಲ ವಿಷಯ ಮಳೆಯ ನೆರಳು. ಅರಬ್ಬಿ ಸಮುದ್ರದಿಂದ ಬರುವ ಮೋಡ ಸಹ್ಯಾದ್ರಿ ಏರುವಾಗ ತನ್ನಲ್ಲಿದ್ದ ನೀರನ್ನೆಲ್ಲ ಸುರಿದುಬಿಡುತ್ತದೆ, ಗುಡ್ಡ ದಾಟಿ ಈಚೆ ಬರುವಷ್ಟರಲ್ಲಿ ಅದರ ಕೈ ಖಾಲಿ. ಅದಕ್ಕೇ ಲೋಣಾವಳಾದಲ್ಲಿ ಧೋ ಧೋ, ಪುಣೆಯಲ್ಲಿ ಜಿಟಿಜಿಟಿ, ಇನ್ನೂ ಪೂರ್ವಕ್ಕೆ ಹೋದರೆ ಬರೀ ಗಾಳಿ. ಇಷ್ಟೇ ಮಾತು. ಇದಕ್ಕೆ ನಾನು ಮಾಡಿದ ಸ್ಲೈಡುಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದರೆ ಲಕ್ಷ್ಮೀ ರಸ್ತೆಯುದ್ದಕ್ಕೂ ಹಾಸಬಹುದಿತ್ತು. ಒಂದೊಂದರಲ್ಲೂ ಪಠ್ಯಪುಸ್ತಕದ ಒಂದು ಪುಟ. ಅಕ್ಷರಗಳು ಒಂದೊಂದಾಗಿ ಗಿರಗಿರ ತಿರುಗುತ್ತ ಬಂದು ಕೂರುತ್ತಿದ್ದವು. ಪ್ರತಿ ಶೀರ್ಷಿಕೆಗೂ ಕಾರು ಬ್ರೇಕ್ ಹಾಕಿದ ಸದ್ದು. ಮೋಡ ಎಂಬ ಪದ ನಿಜವಾಗಿಯೂ ತೇಲುತ್ತ ಬರುತ್ತಿತ್ತು. ಅದನ್ನು ಮಾಡುವುದಕ್ಕೇ ನನಗೆ ಒಂದು ಭಾನುವಾರ ಹಿಡಿಯಿತು.

ತರಗತಿಯಲ್ಲಿ ಆದದ್ದೇ ಬೇರೆ. ಕಿಟಕಿಗೆ ಪರದೆ ಎಳೆದು, ದೀಪ ಆರಿಸಿ ಶುರು ಮಾಡಿದೆ. ಹುಡುಗಿಯರು ಮೊದಲ ಐದು ನಿಮಿಷ ಬ್ರೇಕಿನ ಸದ್ದಿಗೆ ನಕ್ಕರು. ಆಮೇಲೆ ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳಲು ಶುರು ಮಾಡಿದರು. ನಾನು ಗೋಡೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುವುದು, ಅವರು ಗೋಡೆಯ ಮೇಲಿದ್ದುದನ್ನು ವಹಿಗೆ ಇಳಿಸುವುದು. ನನ್ನ ಮುಖವನ್ನು ಯಾರೂ ನೋಡುತ್ತಿರಲಿಲ್ಲ, ಅವರ ಮುಖ ನನಗೂ ಕಾಣುತ್ತಿರಲಿಲ್ಲ. ನಾನು ಮುಂದಿನ ಸ್ಲೈಡಿಗೆ ಹೋದರೆ ಸಾಕು, ಕತ್ತಲೆಯಿಂದ ಒಂದು ಕೂಗು: "ಮ್ಯಾಡಮ್, ಮಾಗಚೀ ದಾಖವಾ ನಾ!" ಹಿಂದಿನದನ್ನು ತೋರಿಸಿ ಎಂದು. ಹಿಂದಕ್ಕೆ ಹೋದರೆ ಅಕ್ಷರಗಳು ಮತ್ತೆ ಗಿರಗಿರ ತಿರುಗಿ, ಮತ್ತೆ ಬ್ರೇಕು ಹಾಕಿ, ಮತ್ತೆ ಮೋಡ ತೇಲಿ ಬರಬೇಕು. ಗಂಟೆ ಹೊಡೆದಾಗ ಮೋಡ ಇನ್ನೂ ಸಹ್ಯಾದ್ರಿಯ ಬುಡದಲ್ಲೇ ಇತ್ತು. ದೀಪ ಹಾಕಿದರೆ ಕೊನೆಯ ಬೆಂಚಿನ ಸಾಲು ಪೂರ್ತಿ ಒಬ್ಬರ ಭುಜದ ಮೇಲೆ ಒಬ್ಬರು ಒರಗಿ ಸುಖವಾಗಿ ನಿದ್ದೆ ಹೋಗಿತ್ತು.

ಆ ದಿನ ಸಂಜೆ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ನಮ್ಮ ಅತ್ತೆಯವರು ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದರು. ಅವರು ವಿಜಾಪುರದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು, ಕೊನೆಗೆ ಹೆಡ್ ಅಕ್ಕೋರಾಗಿ ನಿವೃತ್ತರಾದವರು. ಪುಣೆಗೆ ಬಂದು ನಮ್ಮ ಜೊತೆ ಇರಲು ಶುರು ಮಾಡಿದ ಮೇಲೂ ಅವರ ನಿವೃತ್ತಿ ಪೂರ್ತಿ ಆಗಿರಲಿಲ್ಲ. ಹಾಲಿನವನ ಮರಾಠಿ ಉಚ್ಚಾರವನ್ನೂ ತಿದ್ದುತ್ತಿದ್ದರು, ಅವನು ಹುಟ್ಟು ಪುಣೇಕರನಾಗಿದ್ದರೂ.

"ಏನವಾ ಅದು, ಅಕ್ಷರ ಯಾಕ ಹಂಗ ಹುಚ್ಚು ಹಿಡದಂಗ ತಿರಗ್ತಾವ?" ಎಂದರು.

"ಪಾಠದ ಸ್ಲೈಡ್ರಿ. ನೋಡ್ರಿ, ತೋರಸ್ತೀನಿ," ಎಂದು ಅವರಿಗೇ ಪಾಠ ಶುರು ಮಾಡಿದೆ. ಅವರು ಕನ್ನಡಕ ಏರಿಸಿಕೊಂಡು, ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡೇ ಕೇಳಿದರು. ಇಂಗ್ಲಿಷು ಅವರಿಗೆ ಓದಲು ಬರುತ್ತಿತ್ತು. ಮೂರನೇ ಸ್ಲೈಡಿಗೆ ನನ್ನನ್ನು ನಿಲ್ಲಿಸಿದರು.

"ಗ್ವಾಡಿ ಮ್ಯಾಲೆ ಬರದದ್ದನ್ನ ಓದ್ಲಿಕತ್ತೀ. ನಾನೂ ಓದ್ಲಿಕತ್ತೀನಿ. ನಾ ನಿನಗಿಂತ ಮೊದಲ ಓದಿ ಮುಗಿಸಿ ಸುಮ್ನ ಕೂತೀನಿ. ಹಂಗಾದ್ರ ಅಲ್ಲೆ ನಿಂದೇನು ಕೆಲಸ?"

ನನಗೆ ನಗೆಯೂ ಬಂತು, ಸಿಟ್ಟೂ ಬಂತು. "ನಿಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲಲ್ರಿ," ಎಂದೆ.

"ಇರಲಿಲ್ಲ ಅಂತ ಯಾರು ಹೇಳಿದ್ರು? ಹಿಂದೂಸ್ತಾನದ ನಕಾಶಾ ಇತ್ತು, ಅರಿವಿ ಹಚ್ಚಿದ್ದು. ನಕಾಶಾ ಬೇಕಾಗೋ ಪಾಠ ಬಂದಾಗ ಬಿಚ್ತಿದ್ದೆ. ನೋಡ್ರಿ ಅಂತಿದ್ದೆ. ಎಲ್ಲಾರೂ ನೋಡೋತನಕ ಬಾಯಿ ಮುಚ್ಚಿ ನಿಲ್ತಿದ್ದೆ. ನೋಡಿದ್ದಾತು ಅಂದ್ರ ಸುತ್ತಿ ಮೂಲ್ಯಾಗ ಇಡ್ತಿದ್ದೆ. ಅದು ಅಲ್ಲೇ ಜೋತಾಡಕೋತ ಇದ್ರ ಹುಡುಗ್ರು ನನ್ನ ಮಾತು ಕೇಳ್ತಾರೇನು? ಗ್ವಾಡೀನ ನೋಡ್ತಾರ."

ಅಷ್ಟು ಹೇಳಿ ಹುರುಳಿಕಾಯಿಗೆ ತಿರುಗಿದರು. ನನಗೆ ಮಾತ್ರ ಆ ಸುತ್ತಿಡುವ ನಕಾಶೆ ತಲೆಯಲ್ಲಿ ಉಳಿಯಿತು.

ಮರುವಾರ ಸ್ಲೈಡುಗಳಲ್ಲಿ ಬಹುಪಾಲನ್ನು ಕಿತ್ತುಹಾಕಿದೆ. ಉಳಿದದ್ದು ನಾಲ್ಕೈದು ಚಿತ್ರ. ಆದರೆ ತೋರಿಸಿದ ಮೇಲೆ ಅದನ್ನು ಸುತ್ತಿಡುವುದು ಹೇಗೆ? ಪ್ರೊಜೆಕ್ಟರ್ ಆರಿಸಿದರೆ ಅದು ತಣ್ಣಗಾಗಿ ಮತ್ತೆ ಹತ್ತಿಕೊಳ್ಳಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕು. ಹಾಗಾಗಿ ಬೆಳಕು ಬರುವ ಕಡೆ ಅಂಗೈ ಅಡ್ಡ ಹಿಡಿದೆ. ಗೋಡೆಯ ಮೇಲೆ ನನ್ನ ಬಳೆಗಳು ಬಂಡಿ ಗಾಲಿಯಷ್ಟು ದೊಡ್ಡದಾಗಿ ಮೂಡಿದವು. ಹುಡುಗಿಯರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ಒಬ್ಬಳಂತೂ ಎದ್ದುಬಂದು ಬೆರಳಿನಿಂದ ಮೊಲದ ನೆರಳು ಮಾಡಿ ತೋರಿಸಿದಳು. ಮಳೆಯ ನೆರಳಿನ ಪಾಠ ಮೊಲದ ನೆರಳಿಗೆ ಬಂದು ಮುಗಿಯಿತು.

ಕಂಪ್ಯೂಟರ್ ಲ್ಯಾಬಿನ ಮೇಡಮ್ಮಿನ ಹತ್ತಿರ ಹೋಗಿ ಈ ಕಥೆ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. "ಅಹೋ, ಕೀಬೋರ್ಡಿನಲ್ಲಿ ಬಿ ಒತ್ತಿ. ಪರದೆ ಕಪ್ಪಾಗುತ್ತದೆ. ಮತ್ತೆ ಬಿ ಒತ್ತಿದರೆ ಚಿತ್ರ ವಾಪಸ್," ಎಂದಳು.

ಆ ಒಂದು ಅಕ್ಷರ ನನ್ನ ಶಿಕ್ಷಕ ಜೀವನದ ದೊಡ್ಡ ಸಂಪಾದನೆ ಎಂದರೆ ನೀವು ನಗಬಹುದು. ಮರುದಿನ ಒತ್ತಿ ನೋಡಿದೆ. ಗೋಡೆ ಕಪ್ಪಾಯಿತು. ಕಿಟಕಿಯ ಸಂದಿಯಿಂದ ಬರುವ ಬೆಳಕಿನಲ್ಲಿ ಅಷ್ಟೂ ಕಣ್ಣುಗಳು ಗೋಡೆಯಿಂದ ಜಾರಿ ನನ್ನ ಮೇಲೆ ಬಂದು ನಿಂತವು. ಬೇರೆಲ್ಲಿ ನೋಡಬೇಕು ಪಾಪ, ಮತ್ತೇನೂ ಇರಲಿಲ್ಲ. ನಾನು ಮಾತಾಡಿದೆ, ಅವರು ಕೇಳಿದರು. ಸಂಜೆ ಅತ್ತೆಯವರಿಗೆ ಹೇಳಿದೆ. "ಸುತ್ತಿಡೂದು ಕಲ್ತೀ ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಇನ್ನು ಚಿತ್ರಗಳ ವಿಷಯ. ಪುಸ್ತಕದಿಂದ ಎತ್ತಿದ ಚಿತ್ರಗಳಲ್ಲಿ ಗುಡ್ಡ ಹಸಿರು ಕೋನದ ಹಾಗೆ, ಮೋಡ ಹತ್ತಿಯ ಉಂಡೆಯ ಹಾಗೆ ಇರುತ್ತಿದ್ದವು. ಅವನ್ನು ನೋಡಿ ಯಾರಿಗೂ ಏನೂ ಆಗುತ್ತಿರಲಿಲ್ಲ. ನಮ್ಮದೇ ಮಳೆಯ ಫೋಟೋ ಬೇಕು, ಅದೂ ಒಂದೇ ದಿನದ್ದು, ಎಂದು ನನಗೆ ಹಟ ಹತ್ತಿತು. ನಮ್ಮ ಯಜಮಾನರನ್ನು ಕೇಳಿದೆ. ಅವರು ಲೋಣಾವಳಾ ದಾರಿಯ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ವಾರವಿಡೀ ಆ ದಾರಿಯಲ್ಲೇ ಕಂಪನಿ ಬಸ್ಸಿನಲ್ಲಿ ನೆನೆಯುತ್ತ ಓಡಾಡುವವರು.

"ಐತವಾರ ಒಂದ ದಿನ ಸಿಗತದ ನನಗ ಒಣಾ ಅರಿವಿ ಹಾಕ್ಕೊಳ್ಳಿಕ್ಕೆ," ಎಂದು ಅವರು ಗೊಣಗಿದರು.

"ಸಾಸವಡದಾಗ ಒಣಗ್ತಾವ ಬಿಡ್ರಿ," ಎಂದೆ. ಸಾಸವಡ ಪುಣೆಯಿಂದ ಆಚೆ, ಘಾಟಿನ ಮೇಲಿನ ಒಣ ಊರು.

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನ ಮೇಲೆ ಹೊರಟೆವು. ಅವರಿಗೆ ಮೊಣಕಾಲಿನ ಕೆಳಗೂ ಇಳಿಯುವ ಹಳದಿ ರೇನ್‌ಕೋಟು, ನನ್ನ ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ರೋಲಿನ ಕ್ಯಾಮೆರಾ. ಲೋಣಾವಳಾ ಮುಟ್ಟಿದಾಗ ಮಳೆ ಮೇಲಿಂದಲೂ ಬರುತ್ತಿತ್ತು, ಪಕ್ಕದಿಂದಲೂ ಬರುತ್ತಿತ್ತು. ಒಂದು ಜಲಪಾತದ ಮುಂದೆ ಅವರನ್ನು ನಿಲ್ಲಿಸಿ, ಕೈಗೆ ಕೊಡೆ ಕೊಟ್ಟೆ. ಗಾಳಿಗೆ ಕೊಡೆ ಹಿಂದುಮುಂದಾಗಿ ಕಮಲದ ಹಾಗೆ ಅರಳಿತು. ಅವರು ಬಾಯಿ ತೆರೆದು ಏನೋ ಅನ್ನುತ್ತಿದ್ದಾಗಲೇ ಕ್ಲಿಕ್ ಮಾಡಿದೆ. ಏನೆಂದರು ಎಂಬುದನ್ನು ಫೋಟೋ ಹೇಳುವುದಿಲ್ಲ, ಒಳ್ಳೆಯದೇ ಆಯಿತು.

ಮಧ್ಯಾಹ್ನ ಪುಣೆಗೆ ವಾಪಸು ಬಂದು ನಮ್ಮ ಬೀದಿಯಲ್ಲೇ ಅವರನ್ನು ನಿಲ್ಲಿಸಿದೆ. ಇಲ್ಲಿ ಸೋನೆ. ಅವರ ಪಕ್ಕದಲ್ಲಿ ಕೊತ್ತಂಬರಿ ಮಾರುವ ಹೆಂಗಸು ತಲೆಗೆ ಸೆರಗೂ ಹೊದೆಯದೆ ಕೂತಿದ್ದಳು. ಎರಡನೇ ಫೋಟೋ. ಮನೆಗೆ ಹೋಗಿ ಬಿಸಿ ಝುಣಕ ಭಾಕ್ರಿ ತಿಂದು, ಅತ್ತೆಯವರು ಬೇಡವೆಂದರೂ ಮತ್ತೆ ಸ್ಕೂಟರ್ ಹತ್ತಿ ದಿವೇ ಘಾಟ್ ಏರಿದೆವು. ಪಂಢರಪುರದ ಯಾತ್ರೆಯ ಪಾಲಖಿ ದಾಟಿಹೋಗಿ ಕೆಲವು ದಿನಗಳಾಗಿದ್ದವು. ಘಾಟಿನ ಅಂಚಿನಲ್ಲಿ ವಾರಕರಿಗಳು ಬಿಟ್ಟುಹೋದ ಪತ್ರಾವಳಿಗಳು ಇನ್ನೂ ಹಾರಾಡುತ್ತಿದ್ದವು. ಸಾಸವಡ ದಾಟುವಷ್ಟರಲ್ಲಿ ರಸ್ತೆ ಬೆಳ್ಳಗೆ ಒಣಗಿತ್ತು. ಮೇಲೆ ಮೋಡಗಳೇನೋ ಇದ್ದವು, ಅವಸರದಲ್ಲಿ ಪೂರ್ವಕ್ಕೆ ಓಡುತ್ತಿದ್ದವು. ಧೂಳು ಮಾತ್ರ ನಮ್ಮ ಹಿಂದೆ ಎದ್ದು ಬರುತ್ತಿತ್ತು.

"ಈಗರೇ ಇದನ್ನ ತಗೀಲೇನು?" ಎಂದು ಯಜಮಾನರು ರೇನ್‌ಕೋಟಿನ ಗುಂಡಿಗೆ ಕೈ ಹಾಕಿದರು.

"ತಗೀಬ್ಯಾಡ್ರಿ! ಅದರಾಗ ಪಾಠ ಅದ."

ಆ ಬಿಸಿಲು ಧೂಳಿನಲ್ಲಿ, ಹಳದಿ ರೇನ್‌ಕೋಟು ಹಾಕಿಕೊಂಡು, ಕೈಯಲ್ಲಿ ಮುರಿದ ಕೊಡೆ ಹಿಡಿದು, ಕಣ್ಣು ಕಿರಿದು ಮಾಡಿ ನಿಂತ ಆ ಮನುಷ್ಯನ ಮುಂದೆ ಒಂದು ಕುರಿ ಹಿಂಡು ಬಂದು ನಿಂತಿತು. ಕುರಿಗಳು ಅವರನ್ನು ನೋಡುತ್ತಿದ್ದವು. ಕುರಿ ಕಾಯುವ ಮುದುಕನೂ ನೋಡುತ್ತಿದ್ದ. "ಪಾವೂಸ್ ಕುಠೇ ಆಹೇ, ಸಾಹೇಬ್?" ಎಂದ. ಮಳೆ ಎಲ್ಲಿದೆ ಎಂದು. ಅದು ಮೂರನೇ ಫೋಟೋ.

ರೋಲು ತೊಳೆಸಿ, ಫೋಟೋಗಳನ್ನು ಸೈಬರ್ ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ, ಮೂರೇ ಸ್ಲೈಡು ಮಾಡಿದೆ. ಅಕ್ಷರ ಒಂದೂ ಇಲ್ಲ. ತರಗತಿಯಲ್ಲಿ ಮೊದಲನೆಯದನ್ನು ತೋರಿಸಿ, ಏನು ಕಾಣುತ್ತದೆ ಎಂದು ಕೇಳಿ, ಬಾಯಿ ಮುಚ್ಚಿ ನಿಂತೆ. ಬಾಯಿ ಮುಚ್ಚಿ ನಿಲ್ಲುವುದು ಸ್ಲೈಡು ಮಾಡುವುದಕ್ಕಿಂತ ಕಷ್ಟ ಎಂದು ಆಗ ತಿಳಿಯಿತು. ನಾಲಿಗೆ ತುರಿಸುತ್ತದೆ.

"ಮ್ಯಾಡಮ್, ಹೇ ಕೋಣ?" ಯಾರಿವರು ಎಂಬುದೇ ಮೊದಲ ಪ್ರಶ್ನೆ.

"ಒಬ್ಬ ಪ್ರಯಾಣಿಕ," ಎಂದೆ. ಎರಡನೆಯದು ಬಂದಾಗಲೂ ಅದೇ ಪ್ರಯಾಣಿಕ. ಮೂರನೆಯದಕ್ಕೆ ಇಡೀ ತರಗತಿ ಹೋ ಎಂದು ನಕ್ಕಿತು. ನಗು ನಿಂತ ಮೇಲೆ ಬಿ ಒತ್ತಿ ಕೇಳಿದೆ: ಒಂದೇ ದಿನ, ಒಂದೇ ರೇನ್‌ಕೋಟು, ಬೆಳಿಗ್ಗೆ ಬೇಕಾಗಿದ್ದು ಸಂಜೆ ಯಾಕೆ ನಗೆಪಾಟಲಾಯಿತು? ಆಗ ಶುರುವಾದ ವಾದ ಗಂಟೆ ಹೊಡೆದ ಮೇಲೂ ನಿಲ್ಲಲಿಲ್ಲ. ಅಲ್ಲಿಯವರೆಗೆ ಹಾಜರಿ ಬಿಟ್ಟರೆ ಬೇರೆ ಮಾತಾಡದ ಒಬ್ಬ ಹುಡುಗಿ ಎದ್ದುನಿಂತಳು. ಅವಳು ದಿನವೂ ಸಾಸವಡದಿಂದ ಬಸ್ಸಿನಲ್ಲಿ ಬರುತ್ತಿದ್ದಳು. "ಅದು ನಮ್ಮೂರಿನ ರಸ್ತೆ. ಮೋಡ ನಮ್ಮ ತಲೆ ಮೇಲಿಂದಲೇ ಹೋಗುತ್ತವೆ. ನಮ್ಮ ಆಜಿ ಅವಕ್ಕೆ ಕೈಬೀಸಿ ಬೈಯುತ್ತಾಳೆ, ಪುಣೆಯವರಿಗೆ ಕೊಟ್ಟು ನಮಗೆ ಬರೀ ಮುಖ ತೋರಿಸುತ್ತೀರಾ ಅಂತ," ಎಂದಳು. ಅದಕ್ಕೆ ಮುಂದಿನ ಬೆಂಚಿನವಳು, "ಪುಣೆಗೂ ಎಲ್ಲಿ ಕೊಡುತ್ತವೆ? ಎಲ್ಲ ಲೋಣಾವಳಾಕ್ಕೇ!" ಎಂದಳು. ಮಳೆಯ ನೆರಳಿನ ವ್ಯಾಖ್ಯೆಯನ್ನು ಅವರಿಬ್ಬರೇ ಜಗಳವಾಡಿ ಮುಗಿಸಿದರು. ನಾನು ಆಮೇಲೆ ಆ ಜಗಳಕ್ಕೆ ಒಂದು ಇಂಗ್ಲಿಷ್ ಹೆಸರು ಕೊಟ್ಟೆ, ಅಷ್ಟೇ.

ಪ್ರಯಾಣಿಕ ಯಾರೆಂಬುದು ಬೇಗನೇ ಬಯಲಾಗಿ, ನಮ್ಮ ಯಜಮಾನರು ಕಾಲೇಜಿನಲ್ಲಿ ರೇನ್‌ಕೋಟ್ ಸರ್ ಆದರು. ತರಕಾರಿ ಮಂಡಈಯಲ್ಲಿ ಹುಡುಗಿಯರು ಅವರನ್ನು ಗುರುತಿಸಿ ನಮಸ್ಕಾರ ಮಾಡಿದರೆ ಮೊದಮೊದಲು ಗಾಬರಿಯಾಗುತ್ತಿದ್ದರು. ಆಮೇಲೆ ಮಂಡಈಗೆ ಹೊರಡುವ ಮೊದಲು ಕನ್ನಡಿಯಲ್ಲಿ ಒಮ್ಮೆ ತಲೆ ಬಾಚಿಕೊಳ್ಳತೊಡಗಿದರು.

ಇದೆಲ್ಲ ಪ್ರಿನ್ಸಿಪಾಲರ ಕಿವಿಗೆ ಬಿದ್ದು ನನ್ನನ್ನು ಕರೆಸಿದರು. ಮರುತಿಂಗಳು ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅವರಿಗೆ ತೋರಿಸಲು ಒಂದು ಆಧುನಿಕ ತರಗತಿ ಬೇಕಾಗಿತ್ತು.

"ಎಷ್ಟು ಸ್ಲೈಡು ನಿಮ್ಮದು?" ಎಂದು ಕೇಳಿದರು.

"ಮೂರು, ಸರ್."

"ಮೂವತ್ತಾ?"

"ಮೂರೇ."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಛಾವಣಿ ನೋಡಿದರು. "ಮ್ಯಾಡಮ್, ಬರುವವರು ದೊಡ್ಡವರು. ಮೂರು ಸ್ಲೈಡು ನೋಡಿದರೆ ನಮ್ಮ ಹತ್ತಿರ ವಿದ್ಯುತ್ ಇಲ್ಲ ಅಂದುಕೊಳ್ಳುತ್ತಾರೆ," ಎಂದರು. ಕಾಲೇಜಿನ ಮುದ್ರೆ, ಸಂಸ್ಥಾಪಕರ ಫೋಟೋ, ಧ್ಯೇಯವಾಕ್ಯ, ಕೊನೆಗೊಂದು ಧನ್ಯವಾದ ಇವಿಷ್ಟಾದರೂ ಸೇರಿಸಿ ಎಂದು ಗೋಗರೆದರು. ಕೊನೆಗೆ ಒಂದು ಒಪ್ಪಂದವಾಯಿತು. ಮುದ್ರೆ ಒಂದು ಮೊದಲಲ್ಲಿ ಬರುತ್ತದೆ, ಅದೂ ತಿರುಗದೆ. ಅದಕ್ಕೆ ಒಪ್ಪಿ ಅವರು ಇನ್ನೊಂದು ಮುಖ್ಯ ಕೆಲಸ ಮಾಡಿದರು: ಸಮಿತಿಯವರ ಭೇಟಿ ಗುರುವಾರ ಬೀಳದ ಹಾಗೆ ನೋಡಿಕೊಂಡರು. ನಮ್ಮ ಭಾಗದಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುತ್ತಿದ್ದರು. ಗುರುವಾರ ಪುಣೆಯಲ್ಲಿ ಯಾರೂ ಹಿಟ್ಟಿನ ಗಿರಣಿಗೂ ಹೋಗುವುದಿಲ್ಲ, ಇನ್ನು ಆಧುನಿಕ ತರಗತಿ ಎಲ್ಲಿಯದು?

ಸಮಿತಿ ಬಂದದ್ದು ಮಂಗಳವಾರ. ಮೂವರು. ಅಧ್ಯಕ್ಷರು ಎತ್ತರದ ವಯಸ್ಸಾದ ಗೃಹಸ್ಥರು, ನೆಗಡಿಯಾಗಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಇನ್ನಿಬ್ಬರು ಅವರ ಆಚೀಚೆ. ಮೂವರನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿ, ಪ್ರಿನ್ಸಿಪಾಲರು ಬಾಗಿಲ ಹತ್ತಿರ ಕೈಕಟ್ಟಿ ನಿಂತರು. ಇದು ಬೇರೆ ತರಗತಿ, ಇವರು ಫೋಟೋಗಳನ್ನು ಇನ್ನೂ ನೋಡಿರಲಿಲ್ಲ. ಮುದ್ರೆ ಬಂತು, ಹೋಯಿತು. ಲೋಣಾವಳಾ ಬಂತು. ಅರಳಿದ ಕೊಡೆ ನೋಡಿ ಹುಡುಗಿಯರು ನಕ್ಕರು, ಅಧ್ಯಕ್ಷರ ಮಫ್ಲರೂ ಒಂದಿಷ್ಟು ಅಲುಗಿತು. ಕೊತ್ತಂಬರಿಯವಳು ಬಂದಳು. ಪ್ರಯಾಣಿಕನನ್ನು ಎಲ್ಲರೂ ಗುರುತು ಹಿಡಿದರು. ಈಗ ಅವನು ದಿವೇ ಘಾಟ್ ಹತ್ತಿ ಸಾಸವಡದ ಕಡೆ ಹೋಗುತ್ತಾನೆ ಎಂದು ಹೇಳಿ, ಬಿ ಒತ್ತಿದೆ.

ಗೋಡೆ ಕಪ್ಪಾಯಿತು.

"ಅರೇ! ಆಜ್ ಗುರುವಾರ ನಾಹೀ!" ಎಂದು ಬಾಗಿಲ ಹತ್ತಿರದಿಂದ ಒಂದು ಆರ್ತನಾದ ಕೇಳಿತು. ಇವತ್ತು ಗುರುವಾರವಲ್ಲ!

ಫ್ಯಾನು ತಿರುಗುತ್ತಲೇ ಇತ್ತು. ನಾನು ಪ್ರಿನ್ಸಿಪಾಲರಿಗೆ ಕಣ್ಣಿನಿಂದ, ಕೈಯಿಂದ, ಹುಬ್ಬಿನಿಂದ ಏನೂ ಆಗಿಲ್ಲ ಎಂದು ಸನ್ನೆ ಮಾಡಿದೆ. ಕತ್ತಲೆಯಲ್ಲಿ ಹುಬ್ಬು ಯಾರಿಗೆ ಕಾಣಬೇಕು? ಅವರು ಆಗಲೇ ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿದ್ದರು. ನಾನು ಅತ್ತ ನೋಡದೆ ಹುಡುಗಿಯರಿಗೆ ಕೇಳಿದೆ: "ಹೇಳಿ, ಸಾಸವಡದಲ್ಲಿ ಅವನಿಗೆ ಏನು ಸಿಗುತ್ತದೆ?" ಮೇಜಿನ ಕೆಳಗಿನಿಂದ ವಯರುಗಳನ್ನು ಎಳೆಯುವ, ಬಡಿಯುವ, ಪ್ಲಗ್ಗು ಊದುವ ಸದ್ದು ಬರುತ್ತಿತ್ತು. ಆಮೇಲೆ ಪ್ರೊಜೆಕ್ಟರಿನ ಗುಂಯ್ ಎನ್ನುವ ಸದ್ದೂ ನಿಂತಿತು. ಪ್ಲಗ್ಗು ಕಿತ್ತುಬಿಟ್ಟಿದ್ದರು.

ಈಗ ನಿಜಕ್ಕೂ ಚಿತ್ರವಿರಲಿಲ್ಲ. ಕಿಟಕಿಯ ಪರದೆ ಸರಿಸಿದೆ. ಇನ್ನೇನು ಮಾಡುವುದು? "ಮೂರನೇ ಚಿತ್ರ ನೀವೇ ಮಾಡಿ," ಎಂದೆ. "ಲೋಣಾವಳಾ ನೋಡಿದಿರಿ, ಪುಣೆ ನೋಡಿದಿರಿ. ಇನ್ನು ಮುಂದೆ ಯೋಚಿಸಿ."

  ಒಬ್ಬಳು, "ರಸ್ತೆ ಒಣಗಿರುತ್ತದೆ," ಎಂದಳು. ಯಾಕೆ ಎಂದೆ. ಮೋಡದ ನೀರು ಮುಗಿದಿರುತ್ತದೆ ಎಂದಳು. ಇನ್ನೊಬ್ಬಳು, ಮುಗಿದಿರುವುದಿಲ್ಲ, ಗಾಳಿ ಕೆಳಗೆ ಇಳಿಯುವಾಗ ಬಿಸಿಯಾಗುತ್ತದೆ, ಉಳಿದದ್ದೂ ಸುರಿಯುವುದಿಲ್ಲ ಎಂದು ಎದ್ದುಬಂದು ಬೋರ್ಡಿನ ಮೇಲೆ ಗುಡ್ಡ ಬರೆದು ತೋರಿಸಿದಳು. ಸೀಮೆಸುಣ್ಣ ಪಕ್ಕದ ತರಗತಿಯ ಗಣಿತದ ಮೇಡಮ್ಮಿನ ಪರ್ಸಿನಿಂದ ಬಂತು. ಆಕಾಶ ನೀಲಿ ಇರುತ್ತದೆ ಎಂದರು ಕೆಲವರು, ಇಲ್ಲ ಮೋಡ ಇರುತ್ತದೆ ಎಂದರು ಕೆಲವರು. ಅವನ ರೇನ್‌ಕೋಟು ಏನಾಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ, "ಬಿಚ್ಚಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟಿರುತ್ತಾರೆ," ಎಂದು ಹಿಂದಿನಿಂದ ಒಂದು ದಪ್ಪ ದನಿ ಬಂತು. ತಿರುಗಿ ನೋಡಿದರೆ ಅಧ್ಯಕ್ಷರು. ಕೈ ಬೇರೆ ಎತ್ತಿದ್ದರು.

"ಇಲ್ಲ ಸರ್," ಎಂದಳು ಈ ತರಗತಿಯ ಮುಂದಿನ ಬೆಂಚಿನ ಒಬ್ಬಳು, ಹೆದರದೆ. "ಮ್ಯಾಡಮ್ ಬಿಚ್ಚಲು ಬಿಟ್ಟಿರುವುದಿಲ್ಲ."

ಅಷ್ಟರಲ್ಲಿ ಪ್ರಿನ್ಸಿಪಾಲರು ಪ್ಲಗ್ಗು ಮತ್ತೆ ಸಿಕ್ಕಿಸಿದ್ದರು. ಮೇಜಿನ ಕೆಳಗಿನಿಂದ ಅವರು ಎದ್ದಾಗ ಮಂಡಿಯ ತುಂಬ ಧೂಳು, ಕಿವಿಗೆ ಒಂದು ಜೇಡರ ಬಲೆ. ಪ್ರೊಜೆಕ್ಟರ್ ನಿಧಾನವಾಗಿ ಬಿಸಿಯಾಯಿತು. ನಾನು ಪರದೆ ಎಳೆದು ಮೂರನೇ ಚಿತ್ರಕ್ಕೆ ಹೋದೆ. ಗೋಡೆಯ ಮೇಲೆ ಒಣ ರಸ್ತೆ ಮೂಡಿತು, ಓಡುವ ಮೋಡಗಳು ಮೂಡಿದವು, ಹಳದಿ ರೇನ್‌ಕೋಟು ಮೂಡಿತು. ಹುಡುಗಿಯರು ಕ್ರಿಕೆಟ್ ಗೆದ್ದವರ ಹಾಗೆ ಕೂಗಿದರು. ಹೇಳಿದ್ದರಲ್ಲಿ ಬಹುಪಾಲು ಸರಿಯಾಗಿತ್ತು. ಕುರಿಗಳನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಕುರಿಗಳನ್ನು ನೋಡಿ ಕೆಮ್ಮು ಬರುವ ತನಕ ನಕ್ಕರು.

ಆ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೇನೆ, ಅಷ್ಟು ಚೆನ್ನಾಗಿ ಮತ್ತೆ ಆಗಲಿಲ್ಲ. ಚಿತ್ರ ತೋರಿಸುವ ಮೊದಲು ಅದಕ್ಕಾಗಿ ಕಾಯುವಂತೆ ಮಾಡಬೇಕು ಎಂಬುದು ನನಗೆ ಹೊಳೆದದ್ದೇ ಪ್ರಿನ್ಸಿಪಾಲರು ಪ್ಲಗ್ಗು ಕಿತ್ತದ್ದರಿಂದ. ಮುಂದೆ ಇತರ ಪಾಠಗಳಲ್ಲೂ ಹಾಗೇ ಮಾಡಿದೆ. ಮೊದಲು ಊಹಿಸಿ, ಆಮೇಲೆ ನೋಡಿ. ಊಹಿಸಿದವರು ಕಣ್ಣರಳಿಸಿ ನೋಡುತ್ತಾರೆ, ತಾವು ಸರಿಯೋ ತಪ್ಪೋ ಎಂದು.

ಸಮಿತಿಯ ವರದಿ ಬಂದಾಗ ಪ್ರಿನ್ಸಿಪಾಲರು ನನ್ನನ್ನು ಕರೆಸಿ ಓದಿ ಹೇಳಿದರು. ಭೂಗೋಳದ ತರಗತಿ ಉತ್ತಮವಾಗಿತ್ತು, ವಿದ್ಯಾರ್ಥಿನಿಯರು ತುಂಬ ಚುರುಕು. ಆದರೆ ಕಾಲೇಜಿನ ಪ್ರೊಜೆಕ್ಟರ್ ನಡುನಡುವೆ ಕೈಕೊಡುತ್ತಿದ್ದು, ಕೂಡಲೇ ಹೊಸದನ್ನು ಒದಗಿಸತಕ್ಕದ್ದು.

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಬಿ ವಿಷಯ ನನಗೆ ಲ್ಯಾಬಿನವರು ಹೇಳಿದ್ದಾರೆ," ಎಂದರು. "ನೀವು ಯಾರಿಗೂ ಹೇಳಬೇಡಿ. ನಮಗೆ ಎರಡನೆಯದು ಬರುತ್ತಾ ಇದೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದೆರಡು ಸಲ ಒತ್ತಿದ್ದರೆ ಕಂಪ್ಯೂಟರೂ ಬರುತ್ತಿತ್ತೋ ಏನೋ," ಎಂದರು.

ಎರಡನೆಯದು ಬಂದಾಗ ಹಾರ, ಕಾಯಿ, ಪೇಢೆ ಎಲ್ಲ ಆಯಿತು, ಅದು ಕಪಾಟು ಸೇರಿತು. ಮೊದಲನೆಯದು ನಮ್ಮ ವಿಭಾಗಕ್ಕೇ ಉಳಿಯಿತು.

ಅದಾದ ಮೇಲೆ ಅತ್ತೆಯವರು ಒಂದು ದಿನ, "ನನ್ನ ಮಗ ಗ್ವಾಡಿ ಮ್ಯಾಲೆ ಹೆಂಗ ಕಾಣ್ತಾನ ನಾ ನೋಡಬೇಕು," ಎಂದು ಹಟ ಹಿಡಿದರು. ಇಳಕಲ್ ಸೀರೆ ಉಟ್ಟು, ಹೊಸ ಚಪ್ಪಲಿ ಹಾಕಿಕೊಂಡು ರಿಕ್ಷಾದಲ್ಲಿ ನನ್ನ ಜೊತೆ ಬಂದು ತರಗತಿಯ ಮುಂದಿನ ಬೆಂಚಿನಲ್ಲೇ ಕೂತರು. ಮಗನನ್ನು ಮೂರೂ ರೂಪದಲ್ಲಿ ನೋಡಿದರು. "ಸೊರಗ್ಯಾನ," ಎಂದರು. ನಾನು ಪರದೆ ಕಪ್ಪು ಮಾಡಿ ಮಾತು ಶುರು ಮಾಡುವ ಮೊದಲೇ ಎದ್ದು ನಿಂತು ಹುಡುಗಿಯರ ಕಡೆ ತಿರುಗಿದರು. ಅಭ್ಯಾಸ, ಏನು ಮಾಡುವುದು. ತಮ್ಮ ವಿಜಾಪುರದ ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದರು: ಮಳೆಯೇ ಬಾರದ ಊರಿನಲ್ಲಿ ಹುಡುಗರು ಮಳೆಯ ಹಾಡು ಹಾಡುತ್ತಾರೋ ಇಲ್ಲವೋ?

ಯಾರೂ ಉತ್ತರಿಸಲಿಲ್ಲ. ನನಗೆ ಸಹಿಸಲಾಗದೆ ಏನೋ ಸುಳಿವು ಕೊಡಲು ಹೋದೆ. ಅವರು ನನ್ನತ್ತ ನೋಡದೆಯೇ ಕೈಯಿಂದ ಕೂಡು ಎಂದು ಸನ್ನೆ ಮಾಡಿದರು. ನಾನು ನನ್ನದೇ ತರಗತಿಯಲ್ಲಿ ಸುಮ್ಮನೆ ಕುರ್ಚಿಯ ಮೇಲೆ ಕೂತೆ. ಆ ಮೌನ ಎಷ್ಟು ಬೆಳೆಯಿತೆಂದರೆ ಹೊರಗೆ ರಸ್ತೆಯಲ್ಲಿ ಹಳೇ ಪೇಪರಿನವನ ಕೂಗು ಬಂದು, ದೂರವಾಗಿ, ಮರೆಯಾಯಿತು. ಕೊನೆಗೆ ಸಹ್ಯಾದ್ರಿಯ ಮಗ್ಗುಲಿನ ಮುಳಶಿ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದಳು.

"ಆಜೀ, ಅಲ್ಲಿ ಬಾ ಬಾ ಅಂತ ಹಾಡುತ್ತಾರೆ. ನಮ್ಮ ಕಡೆ ಸಾಕು ಸಾಕು ಅಂತ ಹಾಡುತ್ತೇವೆ."

ಅತ್ತೆಯವರು ಅವಳನ್ನು ಹತ್ತಿರ ಕರೆದು ಗಲ್ಲ ಸವರಿ, ಸೊಂಟದ ಸಂಚಿಯಿಂದ ಒಂದು ಏಲಕ್ಕಿ ತೆಗೆದು ಅವಳ ಕೈಯಲ್ಲಿಟ್ಟರು. ಆಮೇಲೆ ನನಗೆ, "ಹ್ಞಾಂ, ಈಗ ಕಲಸು," ಎಂದು ಬಂದು ಬೆಂಚಿನಲ್ಲಿ ಕೂತರು.

ವಾಪಸು ಬರುವಾಗ ರಿಕ್ಷಾದಲ್ಲಿ ಅತ್ತೆಯವರು ಹೊಸ ಚಪ್ಪಲಿ ಕಳಚಿ ಕಾಲು ಒತ್ತಿಕೊಂಡರು. ನಾನೇ ತಡೆಯಲಾರದೆ, "ಹೆಂಗನಸ್ತರಿ ನನ್ನ ಪಾಠ?" ಎಂದು ಕೇಳಿದೆ.

"ಹುಡುಗ್ಯಾರು ಭಾಳ ಶಾಣ್ಯಾ ಅದಾರ," ಎಂದರು. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವರು ಯೋಚಿಸಿದರು. "ಆ ಪಂಖಾ ಮಾತ್ರ ಕರಕರಾ ಅಂತದ. ಅದಕ್ಕಿಷ್ಟು ಎಣ್ಣಿ ಹಾಕಸು."